ಬಾಯಿಯನ್ನು ನೀವೇ ಪರೀಕ್ಷಿಸಿಕೊಳ್ಳುವುದು ಹೇಗೆ?

ಬಾಯಿ ಕ್ಯಾನ್ಸರ್ ಶುರುವಾಗುವುದು ಕಣ್ಣಿಗೆ ಕಾಣುವ ಜಾಗದಲ್ಲಿ. ಆದರೂ ಬಹಳ ಜನ ತಡವಾಗಿ ಆಸ್ಪತ್ರೆಗೆ ಬರುತ್ತಾರೆ. ಕನ್ನಡಿ ಮುಂದೆ ‘ಆ’ ಅಂದು, ಹಲ್ಲು ನೋಡಿಕೊಂಡು ಮುಗಿಸುವವರೇ ಜಾಸ್ತಿ. ಎಲೆಅಡಿಕೆ, ಗುಟ್ಕಾ, ಕಡ್ಡಿಪುಡಿ, ಬೀಡಿ ಯಾವ ಅಭ್ಯಾಸವಿದ್ದರೂ ತಿಂಗಳಿಗೊಮ್ಮೆ ಹೀಗೆ ಮಾಡಿ.

ಕೈ ತೊಳೆದು ಬಾಯಿ ಮುಕ್ಕಳಿಸಿ. ಹಲ್ಲಿನ ಸೆಟ್ ಇದ್ದರೆ ತೆಗೆದಿಡಿ. ಕನ್ನಡಿ, ಟಾರ್ಚ್ ಸಾಕು. ಸೆಲ್ಫಿ ಬೇಡ, ಬಣ್ಣ ಸರಿಯಾಗಿ ಬರುವುದಿಲ್ಲ.

ತುಟಿ, ವಸಡು, ಅಂಗುಳ ನೋಡಿ. ಇಷ್ಟು ಸುಲಭ.

ಈಗ ಕೆನ್ನೆ. ಎಡವುವುದು ಇಲ್ಲೇ. ಕೆನ್ನೆಯೂ ಕೆಳವಸಡೂ ಸೇರುವ ಸಂದಿನಲ್ಲೇ ಅಲ್ವಾ ಹೊಗೆಸೊಪ್ಪು ಇಟ್ಟುಕೊಳ್ಳುವುದು? ಬೆರಳು ಹಾಕಿ ಕೆನ್ನೆಯನ್ನು ಹೊರಗೆ ಎಳೆಯಿರಿ. ಕಡೇ ದವಡೆ ಹಲ್ಲಿನ ಹಿಂದಿನವರೆಗೂ ಬೆಳಕು ಬಿಡಿ. ಉಜ್ಜಿದರೂ ಹೋಗದ ಬಿಳಿ ಮಚ್ಚೆ ಇದೆಯೇ? ಕೆಂಪು ಮಚ್ಚೆ ಕಂಡರೆ ಇನ್ನೂ ಹುಷಾರಾಗಿರಬೇಕು. ಬೆರಳಿನಿಂದ ಒತ್ತಿಯೂ ನೋಡಿ, ಗಟ್ಟಿಯಾದ ಜಾಗ ಕಣ್ಣಿಗಿಂತ ಮೊದಲು ಬೆರಳಿಗೆ ಸಿಗಬಹುದು.

ನಾಲಿಗೆ ತುದಿಯನ್ನು ಶುಭ್ರ ಬಟ್ಟೆಯಲ್ಲಿ ಹಿಡಿದು ಒಂದು ಪಕ್ಕಕ್ಕೆ, ಆಮೇಲೆ ಇನ್ನೊಂದು ಪಕ್ಕಕ್ಕೆ ಎಳೆಯಿರಿ. ಮುಖ್ಯವಾಗಿ ನೋಡಬೇಕಾದ್ದು ಅಂಚು, ಅದೂ ಹಿಂಭಾಗದ ಅಂಚು. ನಾಲಿಗೆ ಎತ್ತಿ ಅಡಿಯನ್ನೂ ನೋಡಿ. ನಾಲಿಗೆಯ ಮೇಲೆ ತೀರಾ ಹಿಂದೆ ಸಾಲಾಗಿರುವ ಗುಳ್ಳೆಗಳು ಎಲ್ಲರಿಗೂ ಇರುತ್ತವೆ. ಅದನ್ನು ನೋಡಿ ಸುಮ್ನೆ ಗಾಬರಿಯಾಗಬೇಡಿ.

ನಿಮ್ಮದೇ ಮೂರು ಬೆರಳು ಒಂದರ ಮೇಲೊಂದು ಬಾಯೊಳಗೆ ಹೋಗಬೇಕು. ಹೋಗದಿದ್ದರೆ ಅಡಿಕೆಯಿಂದ ಕೆನ್ನೆಯ ಒಳಪದರ ಬಿಗಿದುಕೊಂಡಿರಬಹುದು. ‘ನಾನು ಬರೀ ಅಡಿಕೆ ಹಾಕೋದು’ ಅನ್ನುವವರು ಕೇಳಿ: ಅಡಿಕೆಯೇ ಕ್ಯಾನ್ಸರ್‌ಕಾರಕ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲೇ ಹೇಳಿದೆ. ಅಡಿಕೆ ಬೆಳೆಯುವ ನಮ್ಮ ನಾಡಿಗೆ ಈ ಮಾತು ಹಿಡಿಸುವುದಿಲ್ಲ, ಗೊತ್ತು.

ಕೊನೆಗೆ ದವಡೆಯ ಕೆಳಗೆ, ಕುತ್ತಿಗೆಯ ಎರಡೂ ಕಡೆ ಸವರಿ. ಕ್ಯಾನ್ಸರ್ ಕೋಶಗಳು ಒಳಪದರ ದಾಟಿದರೆ ದವಡೆ ಮೂಳೆಯನ್ನೂ ತಿನ್ನಬಲ್ಲವು. ಬಾಯಿಯಿಂದ ಬೇರೆ ಕಡೆ ಹರಡುವಾಗ ಸಾಮಾನ್ಯವಾಗಿ ಮೊದಲು ಸೇರುವುದು ಕುತ್ತಿಗೆಯ ಗ್ರಂಥಿಗಳನ್ನು. ನೋವಿಲ್ಲದ ಗಟ್ಟಿ ಗಂಟನ್ನು ಕಡೆಗಣಿಸಬೇಡಿ.

ಎರಡು ವಾರದಲ್ಲಿ ಮಾಯದ ಹುಣ್ಣಿಗೆ ಮೆಡಿಕಲ್ ಸ್ಟೋರ್ ಜೆಲ್ ಹಚ್ಚುತ್ತಾ, ಬಿ-ಕಾಂಪ್ಲೆಕ್ಸ್ ನುಂಗುತ್ತಾ ಕೂರಬೇಡಿ. ಮರಗಟ್ಟಿಸುವ ಜೆಲ್ ನೋವು ಮರೆಸುತ್ತದೆ, ಅಷ್ಟೇ. ಹಲ್ಲಿನ ಡಾಕ್ಟರಿಗೆ ತೋರಿಸಿ. ಚೂಪು ಹಲ್ಲು ತಾಗಿ ಆದ ಹುಣ್ಣಾದರೆ ಆ ಹಲ್ಲಿನ ಚೂಪನ್ನು ಡಾಕ್ಟರ ಹತ್ತಿರ ಉಜ್ಜಿಸಿ ನುಣುಪು ಮಾಡಿಸಿಕೊಳ್ಳಿ, ಎರಡು ವಾರ ಬಿಟ್ಟು ಮತ್ತೆ ತೋರಿಸಿ. ಬಯಾಪ್ಸಿ (ಆ ಜಾಗದ ಚಿಕ್ಕ ಚೂರು ತೆಗೆದು ಪರೀಕ್ಷಿಸುವುದು) ಬೇಕು ಎಂದು ಡಾಕ್ಟರ್ ಹೇಳಿದರೆ ಮಾಡಿಸಿ. ‘ಚುಚ್ಚಿದರೆ ಹರಡುತ್ತೆ’ ಅನ್ನುವವರ ಮಾತು ಕೇಳಿ ಮನೆಗೆ ವಾಪಸ್ ಬರಬೇಡಿ. 30 ದಾಟಿದವರಿಗೆ ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಬಾಯಿ ತಪಾಸಣೆಯ ಯೋಜನೆಯೂ ಇದೆ, ನಿಮ್ಮೂರಿನ ಆಶಾ ಕಾರ್ಯಕರ್ತೆಯನ್ನು ಕೇಳಿ.