33ರಲ್ಲಿ 24 ಯೂನಿಟ್: ಕಮ್ಯುನಿಟಿ ಕಾಲೇಜಿನ ಸಹಾಯಧನ, ನನ್ನ ಅನುಭವ

2022ರ ಜುಲೈನಲ್ಲಿ ಹಾಸನದಿಂದ ಕ್ಯಾಲಿಫೋರ್ನಿಯಾಕ್ಕೆ ಬಂದಾಗ ನನ್ನ ಓದಿಗೆ ಸಾಕ್ಷಿಯಾಗಿ ಇದ್ದದ್ದು ದ್ವಿತೀಯ ಪಿಯುಸಿ ಅಂಕಪಟ್ಟಿ ಒಂದೇ. ನನ್ನ ಪತಿಯ ಅಕ್ಕ 2005ರಲ್ಲಿ ಹಾಕಿದ್ದ ಅರ್ಜಿಗೆ ಅಷ್ಟು ವರ್ಷಗಳ ನಂತರ ಸರದಿ ಬಂದು ನಮಗೆ ಗ್ರೀನ್ ಕಾರ್ಡ್ ಸಿಕ್ಕಿತ್ತು. ಇವರು ಗೋದಾಮೊಂದರಲ್ಲಿ ರಾತ್ರಿ ಪಾಳಿಯ ಕೆಲಸಕ್ಕೆ ಸೇರಿದರು. ನನಗೆ ಚಿಕ್ಕ ಮಕ್ಕಳಿಗೆ ಕಲಿಸುವ ಆಸೆ. ಅದಕ್ಕೆ ಕಮ್ಯುನಿಟಿ ಕಾಲೇಜಿನಲ್ಲಿ, ಅಂದರೆ ಇಲ್ಲಿನ ಎರಡು ವರ್ಷದ ಸರ್ಕಾರಿ ಕಾಲೇಜಿನಲ್ಲಿ, ಶಿಶು ಶಿಕ್ಷಣ ಓದಬೇಕಿತ್ತು.

ಬಂದ ತಿಂಗಳೇ ಸೇರಿಬಿಡುವ ಆತುರದಲ್ಲಿದ್ದೆ. ಕಾಲೇಜಿನ ಕೌನ್ಸೆಲರ್ ತಡೆದರು. ರಾಜ್ಯದಲ್ಲಿ ಒಂದು ವರ್ಷ ನೆಲೆಸಿದವರಿಗೆ ಯೂನಿಟ್‌ಗೆ 46 ಡಾಲರ್ ಶುಲ್ಕ (ಒಂದೊಂದು ವಿಷಯಕ್ಕೂ ಇಷ್ಟು ಯೂನಿಟ್ ಎಂಬ ಲೆಕ್ಕ ಇಲ್ಲಿದೆ). ಅದಕ್ಕೂ ಮೊದಲು ಸೇರಿದರೆ ಹೊರರಾಜ್ಯದವರ ದರ, ಅದು ಹಲವು ಪಟ್ಟು ಹೆಚ್ಚು. ಹಾಗಾಗಿ ಒಂದು ವರ್ಷ ಕಾದೆ. ಮನೆಯ ಕರಾರುಪತ್ರ, ವಿದ್ಯುತ್ ಬಿಲ್ಲು, ಡ್ರೈವಿಂಗ್ ಲೈಸೆನ್ಸ್ ಎಲ್ಲವನ್ನೂ ತಾರೀಖಿನ ಕ್ರಮದಲ್ಲಿ ಒಂದು ಫೈಲಿಗೆ ಹಾಕುತ್ತಾ ಬಂದೆ. ಮುಂದೆ ಆ ಫೈಲು ಎಷ್ಟು ಸಲ ನನ್ನನ್ನು ಕಾಪಾಡಿತೋ ಲೆಕ್ಕವಿಲ್ಲ.

ಅಮೆರಿಕದ ಒಕ್ಕೂಟ ಸರ್ಕಾರದ ಸಹಾಯಧನದ ಅರ್ಜಿಗೆ ಇಲ್ಲಿ ಎಲ್ಲರೂ ಫಾಫ್ಸಾ ಎನ್ನುತ್ತಾರೆ. 2023ರ ಫೆಬ್ರುವರಿಯಲ್ಲಿ ಅದನ್ನು ತುಂಬಲು ಕುಳಿತೆ. ಮೊದಲ ತೊಡಕು ಹೆಸರಿನದೇ. ನನ್ನ ಪಾಸ್‌ಪೋರ್ಟಿನಲ್ಲೂ ಸೋಷಿಯಲ್ ಸೆಕ್ಯುರಿಟಿ ಕಾರ್ಡಿನಲ್ಲೂ (ಇಲ್ಲಿನ ಸರ್ಕಾರ ಕೊಡುವ ಗುರುತಿನ ಸಂಖ್ಯೆಯ ಕಾರ್ಡು) ಕೊನೆಯ ಹೆಸರಿನ ಜಾಗದಲ್ಲಿ ಅಪ್ಪನ ಹೆಸರಿದೆ. ಕಾಲೇಜಿನ ಅರ್ಜಿಯಲ್ಲಿ ಮಾತ್ರ ನಾನು ಪತಿಯ ಹೆಸರು ಬರೆದಿದ್ದೆ. ಎರಡು ದಾಖಲೆಗಳೂ ಹೊಂದಲಿಲ್ಲ. ಕಾಲೇಜಿನಲ್ಲಿ ಅದನ್ನು ತಿದ್ದಿಸಲು ಎರಡು ವಾರ ಹಿಡಿಯಿತು. ನಮ್ಮ ಕಡೆಯಿಂದ ಬಂದವರು ಮೊದಲ ದಿನದಿಂದಲೇ ಎಲ್ಲ ಕಡೆ ಸೋಷಿಯಲ್ ಸೆಕ್ಯುರಿಟಿ ಕಾರ್ಡಿನಲ್ಲಿರುವ ಹೆಸರನ್ನೇ ಬರೆಯಿರಿ.

ಎರಡನೆಯದು ಆದಾಯ. 2023-24ರ ಅರ್ಜಿ ಕೇಳುವುದು 2021ರ ಆದಾಯವನ್ನು. ಆಗ ನಾವು ಹಾಸನದಲ್ಲಿದ್ದೆವು. ನಮ್ಮ ಆರ್ಥಿಕ ವರ್ಷ ಏಪ್ರಿಲ್‌ನಿಂದ ಮಾರ್ಚ್, ಇಲ್ಲಿಯದು ಜನವರಿಯಿಂದ ಡಿಸೆಂಬರ್. ಇವರ ಸಂಬಳದ ಚೀಟಿಗಳನ್ನು ತಿಂಗಳುವಾರು ಜೋಡಿಸಿ ಕೂಡಿದೆ: 2,64,000 ರೂಪಾಯಿ. ಅರ್ಜಿ ತುಂಬಿದ ದಿನದ ವಿನಿಮಯ ದರ, ಡಾಲರಿಗೆ ಸುಮಾರು 82 ರೂಪಾಯಿಯಂತೆ, ಅದು 3,220 ಡಾಲರ್ ಆಯಿತು. ಆ ಅಂಕಿಯೇ ಪ್ರಶ್ನೆ ಹುಟ್ಟಿಸಿತು. ಪರಿಶೀಲನೆಗೆ ಕರೆದ ಅಧಿಕಾರಿ, ಮೂರು ಜನ ಇಷ್ಟರಲ್ಲಿ ವರ್ಷವಿಡೀ ಹೇಗೆ ಬದುಕಿದಿರಿ ಎಂದು ಕೇಳಿದರು. ಆ ಪ್ರಶ್ನೆಯಲ್ಲಿ ಅನುಮಾನ ಇರಲಿಲ್ಲ, ಆಕೆಗೆ ನಿಜವಾಗಿಯೂ ತಿಳಿಯಬೇಕಿತ್ತು. ಅತ್ತೆ ಮಾವನ ಸ್ವಂತ ಮನೆ, ಬಾಡಿಗೆ ಇಲ್ಲ, ಊರಿನಿಂದ ಬರುವ ಅಕ್ಕಿ, ರಾಗಿ, ತೆಂಗಿನಕಾಯಿ ಎಂದು ಒಂದು ಪುಟ ಬರೆದು ಸಹಿ ಹಾಕಿ, ಫಾರ್ಮ್ 16ರ ಪ್ರತಿಯೊಂದಿಗೆ ಕೊಟ್ಟೆ. ಅದು ಸಾಕಾಯಿತು.

ಫಲವಾಗಿ ಎರಡು ನೆರವು ಬಂದವು. ಕ್ಯಾಲಿಫೋರ್ನಿಯಾ ಕಾಲೇಜ್ ಪ್ರಾಮಿಸ್ ಗ್ರ್ಯಾಂಟ್‌ನಿಂದ ಯೂನಿಟ್ ಶುಲ್ಕ ಪೂರ್ತಿ ಮನ್ನಾ. ಕಡಿಮೆ ಆದಾಯದವರಿಗೆ ಒಕ್ಕೂಟ ಸರ್ಕಾರ ಕೊಡುವ ಪೆಲ್ ಗ್ರ್ಯಾಂಟ್ ಆ ವರ್ಷದ ಗರಿಷ್ಠ ಮೊತ್ತ, 7,395 ಡಾಲರ್, ಎರಡು ಸೆಮಿಸ್ಟರಿಗೆ ಹಂಚಿ ಬಂತು. ಶುಲ್ಕವೇ ಇಲ್ಲದ್ದರಿಂದ ಆ ಹಣ ಪುಸ್ತಕಕ್ಕೆ, ಬಸ್ಸಿಗೆ, ಮನೆಯ ದಿನಸಿಗೆ ಒದಗಿತು.

ಇದನ್ನು ಕೇಳಿ ಮೈಸೂರಿನಲ್ಲಿ ಬಿ.ಎಸ್ಸಿ. ಮುಗಿಸಿದ್ದ ಗೆಳತಿ ತಾನೂ ಅರ್ಜಿ ಹಾಕಿದಳು. ಆಕೆಗೂ ಗ್ರೀನ್ ಕಾರ್ಡ್ ಇತ್ತು. ಪೆಲ್ ಸಿಗಲಿಲ್ಲ. ಪದವಿ ಭಾರತದ್ದಾದರೂ ಅದು ಪದವಿಯೇ, ಪದವಿ ಇದ್ದವರಿಗೆ ಆ ಹಣವಿಲ್ಲ. ಶುಲ್ಕ ಮನ್ನಾ ಮಾತ್ರ ಸಿಕ್ಕಿತು, ಅದೂ ಸಣ್ಣದಲ್ಲ. ಎಚ್-4 ವೀಸಾದಲ್ಲಿ, ಅಂದರೆ ತಾತ್ಕಾಲಿಕ ಕೆಲಸದ ವೀಸಾದವರ ಕುಟುಂಬಕ್ಕೆ ಸಿಗುವ ವೀಸಾದಲ್ಲಿ, ಇದ್ದ ಇನ್ನೊಬ್ಬರಿಗೆ ಒಕ್ಕೂಟದ ನೆರವಿಗೆ ಅರ್ಹತೆಯೇ ಇರಲಿಲ್ಲ. ಪದವಿಯನ್ನು ಮುಚ್ಚಿಟ್ಟು ಅರ್ಜಿ ಹಾಕು ಎಂದು ಸಲಹೆ ಕೊಡುವವರನ್ನೂ ಕಂಡಿದ್ದೇನೆ. ದಯವಿಟ್ಟು ಬೇಡ. ಆ ಅರ್ಜಿಯಲ್ಲಿ ನಾವು ಸಹಿ ಹಾಕುವುದು ಹೇಳಿದ್ದೆಲ್ಲ ನಿಜ ಎಂದು.

ಹಣ ಪಡೆಯುವಷ್ಟೇ ಗಮನ ಅದನ್ನು ಉಳಿಸಿಕೊಳ್ಳಲೂ ಬೇಕು ಎಂಬುದು ನನಗೆ ತಡವಾಗಿ ತಿಳಿಯಿತು. ನನ್ನ ಕಾಲೇಜಿನ ನಿಯಮ ಹೀಗಿತ್ತು: ಸರಾಸರಿ ಗ್ರೇಡ್ ಅಂಕ 4.0ರಲ್ಲಿ 2.0ಕ್ಕಿಂತ ಕೆಳಗೆ ಇಳಿಯಬಾರದು, ದಾಖಲಾದ ಯೂನಿಟ್‌ಗಳಲ್ಲಿ ಶೇ 67ರಷ್ಟನ್ನು ಪಾಸಾಗಿರಬೇಕು. ಮೊದಲ ಸೆಮಿಸ್ಟರಿನಲ್ಲಿ 12 ಯೂನಿಟ್ ತೆಗೆದುಕೊಂಡು, ಇಂಗ್ಲಿಷ್ ಪ್ರಬಂಧದ ತರಗತಿ ಕಠಿಣವೆನಿಸಿ ಅಕ್ಟೋಬರಿನಲ್ಲಿ ಬಿಟ್ಟೆ. ಫೇಲಾಗುವುದಕ್ಕಿಂತ ಬಿಡುವುದು ಮೇಲು ಎಂದುಕೊಂಡಿದ್ದೆ. ಗ್ರೇಡಿನ ಮಟ್ಟಿಗೆ ಅದು ಸರಿ. ಆದರೆ ಅಂಕಪಟ್ಟಿಯಲ್ಲಿ ‘ಡಬ್ಲ್ಯೂ’ (ನಡುವೆ ಬಿಟ್ಟದ್ದು ಎಂಬ ಗುರುತು) ಬಿದ್ದ ವಿಷಯ ತೆಗೆದುಕೊಂಡ ಲೆಕ್ಕಕ್ಕೆ ಸೇರುತ್ತದೆ, ಮುಗಿಸಿದ ಲೆಕ್ಕಕ್ಕಲ್ಲ. ಆರಂಭದ ಗಡುವಿನೊಳಗೆ ಬಿಟ್ಟಿದ್ದರೆ ಆ ಅಕ್ಷರವೇ ಬೀಳುತ್ತಿರಲಿಲ್ಲ. 12ರಲ್ಲಿ 9 ಉಳಿಯಿತು.

2024ರ ಫೆಬ್ರುವರಿ ಕೊನೆಯಲ್ಲಿ ಅಪ್ಪ ತೀರಿಕೊಂಡರು. ಫೋನು ಬಂದ ರಾತ್ರಿ ಕಾಲೇಜಿನ ವೆಬ್‌ಸೈಟ್ ತೆರೆದು ನಾಲ್ಕೂ ವಿಷಯಗಳನ್ನು ಬಿಟ್ಟುಬಿಡಲು ಹೊರಟಿದ್ದೆ. ಇವರು ತಡೆದರು, ‘ಬೆಳಿಗ್ಗೆ ಒಮ್ಮೆ ಅವರನ್ನು ಕೇಳು, ಆಮೇಲೆ ಬಿಡು’ ಎಂದರು. ವಿಮಾನ ಹತ್ತುವ ಮೊದಲು ಸಹಾಯಧನದ ಕಚೇರಿಗೆ ಫೋನು ಮಾಡಿದೆ. ಸೆಮಿಸ್ಟರಿನ ಶೇ 60 ಭಾಗ ಕಳೆಯುವ ಮೊದಲು ಎಲ್ಲ ವಿಷಯಗಳನ್ನೂ ಬಿಟ್ಟರೆ, ಉಳಿದ ದಿನಗಳ ಪಾಲಿನ ಹಣ ಹಿಂದಕ್ಕೆ ಹೋಗಬೇಕು, ಅದು ನನ್ನ ಮೇಲಿನ ಸಾಲವಾಗಲೂಬಹುದು ಎಂದು ಅವರು ವಿವರಿಸಿದರು. ಆನ್‌ಲೈನಿನಲ್ಲಿ ನಡೆಯುತ್ತಿದ್ದ ಎರಡು ವಿಷಯಗಳನ್ನು ಉಳಿಸಿಕೊಂಡು ಎರಡನ್ನು ಬಿಟ್ಟೆ. ತಿಥಿ ಮುಗಿದ ಮೇಲೆ ಹಾಸನದ ಮನೆಯ ನಡುಮನೆಯಲ್ಲಿ, ತಂಗಿಯ ಮೊಬೈಲಿನ ಇಂಟರ್ನೆಟ್ ಹಂಚಿಕೊಂಡು ಮಕ್ಕಳ ಬೆಳವಣಿಗೆಯ ಪಾಠದ ನಿಯೋಜಿತ ಬರಹ ಕಳಿಸಿದೆ. ಮರಣ ಪ್ರಮಾಣಪತ್ರ ಕನ್ನಡ ಮತ್ತು ಇಂಗ್ಲಿಷ್ ಎರಡರಲ್ಲೂ ಇದ್ದದ್ದರಿಂದ ಅನುವಾದದ ಗೋಜಿಲ್ಲದೆ ಅದೂ ಫೈಲು ಸೇರಿತು.

ಜೂನ್‌ನಲ್ಲಿ ಲೆಕ್ಕ ಬಂತು. ಎರಡು ಸೆಮಿಸ್ಟರೂ ಸೇರಿ 24 ಯೂನಿಟ್‌ನಲ್ಲಿ 15 ಪಾಸು, ಅಂದರೆ ಶೇ 62.5. ಖಾತೆಯಲ್ಲಿ ಎಚ್ಚರಿಕೆ ಕಾಣಿಸಿತು. ನೆರವು ಇನ್ನೊಂದು ಸೆಮಿಸ್ಟರ್ ಮುಂದುವರಿಯುತ್ತದೆ, ಅಷ್ಟರಲ್ಲಿ ಸರಿಯಾಗದಿದ್ದರೆ ನಿಲ್ಲುತ್ತದೆ, ಆಗ ದಾಖಲೆಗಳೊಂದಿಗೆ ಮೇಲ್ಮನವಿ ಬರೆಯಬೇಕು. ಕೌನ್ಸೆಲರ್ ಜೊತೆ ಕುಳಿತು ಲೆಕ್ಕ ಹಾಕಿದೆವು. 9 ಯೂನಿಟ್ ತೆಗೆದುಕೊಂಡು ಒಂಬತ್ತನ್ನೂ ಪಾಸಾದರೆ 33ರಲ್ಲಿ 24, ಶೇ 72 ದಾಟುತ್ತದೆ. ಪೆಲ್ ಮುಕ್ಕಾಲು ಭಾಗ ಮಾತ್ರ ಬರುತ್ತದೆ ಎಂದು ಮೊದಲೇ ಎಚ್ಚರಿಸಿದರು. ನನ್ನ ಮಟ್ಟಿಗೆ ಪೂರ್ತಿ ಕಳೆದುಕೊಳ್ಳುವುದಕ್ಕಿಂತ ಮುಕ್ಕಾಲು ಲೇಸಾಗಿತ್ತು. ಬಿಟ್ಟಿದ್ದ ಇಂಗ್ಲಿಷ್ ಪ್ರಬಂಧವನ್ನೂ ಅದರಲ್ಲಿ ಸೇರಿಸಿಕೊಂಡೆ. ವಾರಕ್ಕೆ ಎರಡು ದಿನ ಕಾಲೇಜಿನ ಉಚಿತ ಬರವಣಿಗೆ ಕೇಂದ್ರದಲ್ಲಿ ಕುಳಿತು, ಪ್ರತಿ ಪ್ರಬಂಧವನ್ನೂ ಕೊಡುವ ಮೊದಲು ಓದಿಸಿ ತಿದ್ದಿಕೊಂಡೆ.

ಡಿಸೆಂಬರಿನ ಫಲಿತಾಂಶದಲ್ಲಿ ಮೂರೂ ವಿಷಯ ಪಾಸಾಗಿದ್ದವು, ಇಂಗ್ಲಿಷಿನಲ್ಲಿ ‘ಬಿ’. ಕೆಲವು ದಿನಗಳಲ್ಲಿ ಖಾತೆಯ ಎಚ್ಚರಿಕೆ ಹೋಯಿತು. ಈ ನೆರವು ಪ್ರತಿ ವರ್ಷ ಹೊಸದಾಗಿ ಕೇಳಬೇಕಾದದ್ದು. ಅದೇ ವಾರ 2025-26ರ ಅರ್ಜಿ ತೆರೆದು, ಕೊನೆಯ ಹೆಸರಿನ ಜಾಗದಲ್ಲಿ ಅಪ್ಪನ ಹೆಸರು ಬರೆದು ಮುಂದಿನ ಪುಟಕ್ಕೆ ಹೋದೆ.