ಹುಬ್ಬಳ್ಳಿಯಿಂದ ಬೆಂಗಳೂರಿಗೆ ವಿಲ್ಲೀಸ್ ಪಿಕಪ್: ಹಿಂದಿನ ಚಕ್ರದ ಮೇಲೆಯೇ ಎಳೆದು ತಂದ ಬಗೆ

ಜೀಪ್ ತಯಾರಿಸುತ್ತಿದ್ದ ವಿಲ್ಲೀಸ್ ಕಂಪನಿಯ ಹಳೇ ಪಿಕಪ್‌ನ ಮುಂಭಾಗ ಎತ್ತಿ, ನಾನೂರು ಚಿಲ್ಲರೆ ಕಿಲೋಮೀಟರ್ ಹಿಂದಿನ ಚಕ್ರ ಉರುಳಿಸಿಕೊಂಡು ಬಂದರೆ ಹಿಂದಿನ ಆಕ್ಸಲ್ ಹೌಸಿಂಗ್ ಉಳಿಯಲ್ಲ ಅಂದವರೇ ಜಾಸ್ತಿ. ಬಿಡಿಭಾಗದ ಅಂಗಡಿಗಳಿರುವ ಬೆಂಗಳೂರಿನ ಜೆ.ಸಿ. ರೋಡಿನ ಹಳಬರೂ ತಲೆ ಅಲ್ಲಾಡಿಸಿದರು. ಗಾಡಿ ನೆಲಮಂಗಲ ದಾಟಿದಾಗ ಹಿಂದಿನ ಎರಡೂ ಬ್ರೇಕ್ ಡ್ರಮ್ ಮೇಲೆ ಅಂಗೈ ಇಟ್ಟುಕೊಂಡು ಮಾತಾಡಬಹುದಿತ್ತು. ಆದ್ದರಿಂದ ಕ್ರಮವನ್ನು ಬರೆದಿಡುತ್ತಿದ್ದೇನೆ.

ಗಾಡಿಯನ್ನೇ ಹೊತ್ತು ತರುವ ಫ್ಲಾಟ್‌ಬೆಡ್ ಲಾರಿಗೆ 30 ಸಾವಿರದ ಆಸುಪಾಸು ಕೇಳಿದ್ದರು, ಟೋಲ್ ಬೇರೆ. ಹಗ್ಗ ಕಟ್ಟಿ ಎಳೆಯುವ ಮಾತು ಬೇಡ. 1989ರ ರಸ್ತೆ ನಿಯಮಗಳಲ್ಲೇ ಎಳೆಯುವ ಗಾಡಿಗೆ ಗಂಟೆಗೆ 24 ಕಿ.ಮೀ. ಮಿತಿ, ನಡುವಿನ ಅಂತರ 5 ಮೀಟರ್ ಮೀರಬಾರದು ಅಂತಿತ್ತು. ಆ ಲೆಕ್ಕದಲ್ಲಿ 17 ಗಂಟೆ, ಅದೂ ಒಂದೇ ಸರ್ಕ್ಯೂಟಿನ ಹಳೇ ಬ್ರೇಕ್ ನಂಬಿಕೊಂಡು. ಪೀಣ್ಯದಲ್ಲಿ ಎರಡು ಗಾಡಿ ಜೋಡಿಸಲು ಚೌಕ ಪೈಪಿನ ಎ-ಫ್ರೇಮ್ (ಎ ಆಕಾರದ ಚೌಕಟ್ಟು) ಮಾಡಿಸಿ ನಾಲ್ಕೂ ಚಕ್ರದ ಮೇಲೆ ಎಳೆದೂ ನೋಡಿದ್ದೇನೆ. ನೇರ ರಸ್ತೆಯಲ್ಲಿ ಚೆನ್ನ, ರಿವರ್ಸ್‌ನಲ್ಲಿ ಪೂರ್ತಿ ಸೋಲು. ಹಿಂದೆ ಸರಿಸಿದ ಕೂಡಲೇ ಮುಂದಿನ ಚಕ್ರ ಒಂದು ಕಡೆಗೆ ಪೂರ್ತಿ ಮಡಚಿಕೊಂಡು ಫ್ರೇಮಿನ ಕಿವಿ ಬಾಗುತ್ತದೆ. ಸುಮಾರು 7 ಸಾವಿರ ಅಲ್ಲಿಗೆ ಹೋಯಿತು. ಹಿಂಭಾಗ ಎತ್ತಿ ಎಳೆದರೆ ಸವೆದ ಸ್ಟೀರಿಂಗಿನ ಆಟಕ್ಕೆ ಮುಂದಿನ ಚಕ್ರ 40ರ ವೇಗದಲ್ಲೇ ಅದುರಲು ಶುರು. ಉಳಿದದ್ದು ಮುಂಭಾಗ ಎತ್ತುವ ವೀಲ್ ಲಿಫ್ಟ್ ಗಾಡಿ.

ಅದಕ್ಕೆ ಹಿಂದಿನ ಪ್ರೊಪೆಲ್ಲರ್ ಶಾಫ್ಟ್, ಅಂದರೆ ಹಿಂದಿನ ಆಕ್ಸಲ್ ತಿರುಗಿಸುವ ಉದ್ದನೆಯ ದಂಡ, ಬಿಚ್ಚಲೇಬೇಕು. ನ್ಯೂಟ್ರಲ್‌ಗೆ ಹಾಕಿದರೆ ಸಾಕು ಅನ್ನುವವರ ಮಾತು ಕೇಳಬೇಡಿ. ಇಂಜಿನ್ ನಿಂತಿರುವಾಗ ಗೇರ್‌ಬಾಕ್ಸಿನ ಕೆಳಗಿನ ಕೌಂಟರ್ ಶಾಫ್ಟ್ ತಿರುಗುವುದಿಲ್ಲ, ಆಯಿಲ್ ಮೇಲಕ್ಕೆ ಚಿಮ್ಮುವುದಿಲ್ಲ, ಚಕ್ರದ ಕಡೆಯಿಂದ ಬಂದ ತಿರುಗಾಟಕ್ಕೆ ಮೇನ್ ಶಾಫ್ಟ್ ಒಣಗಿಯೇ ಸುತ್ತುತ್ತದೆ. ಚಿತ್ರದುರ್ಗ ತಲುಪುವಷ್ಟರಲ್ಲಿ ಬುಷ್ ಕಚ್ಚಿಕೊಂಡ ಗೇರ್‌ಬಾಕ್ಸ್‌ಗಳನ್ನು ಬಿಚ್ಚಿದ್ದೇನೆ. ಮುಂದಿನ ಶಾಫ್ಟ್ ಇರಲಿ, ಎತ್ತಿದ ಚಕ್ರ ತಿರುಗುವುದಿಲ್ಲವಲ್ಲ.

ಬಿಚ್ಚುವ ಮೊದಲು ಶಾಫ್ಟ್ ಒಳಗೆ ಹೊರಗೆ ಜಾರುವ ಸ್ಲಿಪ್ ಜಾಯಿಂಟಿನ ಎರಡೂ ಕಡೆ ಬಿಳಿ ಪೇಂಟಿನ ಗೆರೆ ಎಳೆಯಿರಿ. ಒಂದು ಹಲ್ಲು ತಪ್ಪಿ ಕೂರಿಸಿದರೂ ಆಮೇಲೆ ಗಾಡಿ ಗುಂಯ್‌ಗುಡುತ್ತದೆ. ಯು-ಬೋಲ್ಟ್ ತೆಗೆದ ತಕ್ಷಣ ಶಾಫ್ಟ್ ತುದಿಯ ಯೂನಿವರ್ಸಲ್ ಜಾಯಿಂಟ್ ಕ್ರಾಸಿನ ಎದುರುಬದುರು ಕಪ್‌ಗಳಿಗೆ ಟೇಪ್ ಸುತ್ತಿ. ಕಪ್ ಜಾರಿದರೆ ಒಳಗಿನ ಸೂಜಿ ರೋಲರ್ ಮಣ್ಣುಪಾಲು. ಒಂದೇ ತುದಿ ಬಿಚ್ಚಿ ತಂತಿಯಲ್ಲಿ ನೇತುಹಾಕುವುದು ಅಪಾಯ, ತಂತಿ ತುಂಡಾದರೆ ಶಾಫ್ಟ್ ರಸ್ತೆಗೆ ಕುಟ್ಟುತ್ತದೆ. ಪೂರ್ತಿ ತೆಗೆದು ಕ್ಯಾಬಿನ್‌ನಲ್ಲಿಡಿ.

ಅದಕ್ಕೂ ಮೊದಲು ನಾಲ್ಕೂ ಚಕ್ರಕ್ಕೆ ಮರದ ತುಂಡು ಕೊಡಿ. ಈ ಗಾಡಿಗಳ ಹ್ಯಾಂಡ್‌ಬ್ರೇಕ್ ಡ್ರಮ್ ಇರುವುದು ಟ್ರಾನ್ಸ್‌ಫರ್ ಕೇಸಿನ (ಮುಂದಿನ, ಹಿಂದಿನ ಶಾಫ್ಟ್‌ಗಳಿಗೆ ಶಕ್ತಿ ಹಂಚುವ ಗೇರ್ ಪೆಟ್ಟಿಗೆ) ಹಿಂದೆ. ಶಾಫ್ಟ್ ಬಿಚ್ಚಿದ ಮೇಲೆ ಲಿವರ್ ಎಷ್ಟು ಎಳೆದರೂ ಹಿಂದಿನ ಚಕ್ರಕ್ಕೆ ಸಂಬಂಧವಿಲ್ಲ, ಇಳಿಜಾರಿದ್ದರೆ ಗಾಡಿ ಹೊರಟೇಬಿಡುತ್ತದೆ.

ಹೌಸಿಂಗಿನಲ್ಲಿ 90 ನಂಬರ್ ಗೇರ್ ಆಯಿಲ್ ಫಿಲ್ಲರ್ ಅಂಚಿಗೆ ಬರುವಷ್ಟಿರಲಿ. ಚಕ್ರದ ಹಬ್ ಆಕ್ಸಲ್ ತುದಿಯ ಟೇಪರ್ ಮೇಲೆ ಬಿಗಿಯಾಗಿ ಕೂತಿದ್ದರೆ ಪುಲ್ಲರ್ ಬಿಟ್ಟು ಬೇರೇನೂ ಹಾಕಬೇಡಿ. ಆಕ್ಸಲ್ ತುದಿಗೆ ಸುತ್ತಿಗೆ ಏಟು ಕೊಟ್ಟರೆ ಪೆಟ್ಟು ಡಿಫರೆನ್ಷಿಯಲ್ ಒಳಗೆ ಹೋಗುತ್ತದೆ. ಬೇರಿಂಗ್ ತೊಳೆದು ಹೊಸ ಗ್ರೀಸ್ ತುಂಬಿ. ಬ್ರೇಕ್ ಅಡ್ಜಸ್ಟರ್ ಪೂರ್ತಿ ಸಡಿಲಿಸಿ, ಚಕ್ರ ಒಂದೇ ಬೆರಳಿಗೆ ತಿರುಗಬೇಕು. ಸಡಿಲಿಸಿದರೂ ಹಿಡಿಯುತ್ತಿದ್ದರೆ ಶೂ ದೂರುವ ಮೊದಲು ರಬ್ಬರ್ ಹೋಸ್ ನೋಡಿ. ಹಳೇ ಹೋಸ್ ಒಳಗಡೆ ಊದಿಕೊಂಡು ಫ್ಲೂಯಿಡ್ ವಾಪಸ್ ಬಿಡುವುದಿಲ್ಲ. ಫ್ಲೂಯಿಡ್ ಹೊರಬಿಡುವ ಬ್ಲೀಡರ್ ಸ್ಕ್ರೂ ಬಿಚ್ಚಿದ ಕೂಡಲೇ ಚಕ್ರ ಸಡಿಲಾದರೆ ಕಾಯಿಲೆ ಅಲ್ಲೇ.

ಟೈರಿನ ಪಕ್ಕ ಬಿರುಕು ಬಿಟ್ಟಿದ್ದರೆ ಹೊಸದು ಕೊಳ್ಳಬೇಡಿ. ಮಹೀಂದ್ರಾ ಜೀಪಿನ 5 ಬೋಲ್ಟಿನ 16 ಇಂಚಿನ ಚಕ್ರ ಇದಕ್ಕೆ ನೇರವಾಗಿ ಕೂರುತ್ತದೆ. ಶಿವಾಜಿನಗರದ ಗುಜರಿಯಲ್ಲಿ 6.00-16 ಟೈರ್ ಸಮೇತ ಜೋಡಿ ಸುಮಾರು 5 ಸಾವಿರಕ್ಕೆ ಸಿಕ್ಕಿತು, ಕೆಲಸ ಮುಗಿದ ಮೇಲೆ 4 ಸಾವಿರಕ್ಕೆ ಮಾರಿ ಹೋಯಿತು. ಎರಡೂ ಒಂದೇ ಅಳತೆಯದಿರಲಿ, ಗಾಳಿ 30 ಪಿಎಸ್‌ಐ ಸುತ್ತ. ಹಳೇ ವಿಲ್ಲೀಸ್‌ಗಳ ಎಡಗಡೆ ಚಕ್ರದ ನಟ್ಟು ಉಲ್ಟಾ ಥ್ರೆಡ್ಡಿನದು. ಟೋಯಿಂಗ್ ಹುಡುಗರಿಗೆ ಮೊದಲೇ ಹೇಳದಿದ್ದರೆ ಸ್ಟಡ್ ಮುರಿದು ಕೈಗೆ ಕೊಡುತ್ತಾರೆ.

ಮುಂದಿನ ಟೈರ್ ನೆಲದಿಂದ ಒಂದಡಿ ಮೇಲೆ ಸಾಕು. ಇನ್ನೂ ಎತ್ತಿದರೆ ಬಾಲ ಕೆಳಗಿಳಿದು ರಸ್ತೆಯ ಉಬ್ಬಿಗೆ ತಾಗುತ್ತದೆ. ಬಂಪರಿಗೆ ಕೊಂಡಿ ಬೇಡ. 50 ಮಿ.ಮೀ. ರ‍್ಯಾಚೆಟ್ ಬೆಲ್ಟ್ ಟೈರ್ ಮೇಲೆ ಹಾದು ವೀಲ್ ಲಿಫ್ಟಿನ ತೊಟ್ಟಿಲಿಗೆ ಬಿಗಿಯಾಗಲಿ, 8 ಮಿ.ಮೀ. ಗ್ರೇಡ್ 80 ಸರಪಳಿ ಎರಡು ಆಕ್ಸಲ್‌ನಿಂದ ಕತ್ತರಿಯಾಗಿ ಬರಲಿ. ಬೆಲ್ಟ್ ಸಡಿಲಾಗದಂತೆ ಸುತ್ತುವ ನನ್ನದೊಂದು ಕ್ರಮವಿದೆ, ಅದನ್ನು ಇಲ್ಲಿ ಬರೆಯುವುದಿಲ್ಲ. ಪಿಕಪ್‌ನ ಹಿಂದಿನ ತೊಟ್ಟಿಯ ಸಡಿಲ ಹಲಗೆ ತೆಗೆದಿಡಿ, ಬಾನೆಟ್ ಕಟ್ಟಿ. ಟಾರ್ಪಾಲ್ ಹೊದಿಸಲೇಬೇಡಿ, ಗಾಳಿಗೆ ಬಡಿದು ಪೇಂಟ್ ತಿನ್ನುತ್ತದೆ. 6 ವೋಲ್ಟಿನ ಹಳೇ ವೈರಿಂಗ್ ಮುಟ್ಟದೆ, ಹಿಂದಕ್ಕೆ ಬೇರೆಯೇ ಲೈಟ್ ಬೋರ್ಡ್ ಕಟ್ಟಿ ಟೋಯಿಂಗ್ ಗಾಡಿಯಿಂದ ವೈರ್ ಎಳೆಯಿರಿ.

ವೇಗ 45ರಿಂದ 50. ಮೊದಲ ನಿಲುಗಡೆ ವರೂರು, ಆಮೇಲೆ ಶಿಗ್ಗಾವಿ, ಮುಂದೆ ಗಂಟೆಗೊಮ್ಮೆ. ಬೆಲ್ಟ್ ಸಡಿಲಾಗುವುದು ಮೊದಲ 30 ಕಿ.ಮೀ.ಯಲ್ಲೇ. ಚಿತ್ರದುರ್ಗದ ಸುತ್ತ ಪಕ್ಕಗಾಳಿ ಜೋರು, ಅಲ್ಲಿ 40 ಸಾಕು. ಸಾವಿರ ರೂಪಾಯಿಯ ಇನ್‌ಫ್ರಾರೆಡ್ ಥರ್ಮಾಮೀಟರಿನಲ್ಲಿ ಪ್ರತಿ ನಿಲುಗಡೆಗೂ ಡ್ರಮ್ ನೋಡಿದೆ, 50 ಡಿಗ್ರಿ ಆಚೀಚೆ. ಒಂದು ಕಡೆ ಮಾತ್ರ 20 ಡಿಗ್ರಿ ಜಾಸ್ತಿ ಬಂದರೆ ಅಲ್ಲೇ ಜಾಕ್ ಹಾಕಬೇಕು. ಇದೇ ನೆಪದಲ್ಲಿ ಎಡ ಹಬ್ಬಿಗೆ ದುಬಾರಿ ಗ್ರೀಸ್, ಬಲಕ್ಕೆ ಮಾಮೂಲಿ ಎಂಪಿ-3 ಗ್ರೀಸ್ ತುಂಬಿ ನೋಡಿದೆ. ಈ ವೇಗಕ್ಕೆ ಒಂದು ಡಿಗ್ರಿಯೂ ವ್ಯತ್ಯಾಸ ಕಾಣಲಿಲ್ಲ, ದುಬಾರಿಯದಕ್ಕೆ ದುಡ್ಡು ಹಾಕಬೇಡಿ.

ಟೋಯಿಂಗಿಗೆ 14 ಸಾವಿರ, ಬೆಲ್ಟ್, ಸರಪಳಿ, ಆಯಿಲ್, ಗ್ರೀಸ್, ಹೋಸ್ ಸೇರಿ ಇನ್ನೊಂದು 5 ಸಾವಿರ ಆಯಿತು. ಕಾರೊಂದನ್ನು ಆ ಕಡೆ ಇಳಿಸಿ ಖಾಲಿ ವಾಪಸಾಗುವ ಬೆಂಗಳೂರಿನ ಗಾಡಿ ಹಿಡಿದದ್ದಕ್ಕೆ ಈ ರೇಟು. ಅಂಥ ಗಾಡಿ ಯಾವಾಗ, ಎಲ್ಲಿ ಸಿಗುತ್ತದೆ ಅನ್ನುವುದು ನನ್ನ ಹತ್ತಿರವೇ ಇರಲಿ. ಆರ್‌ಸಿ ಪ್ರತಿ ಮತ್ತು ಮಾಲೀಕರ ಒಪ್ಪಿಗೆ ಪತ್ರ ಟೋಯಿಂಗ್ ಡ್ರೈವರ್ ಕೈಯಲ್ಲೇ ಇರಬೇಕು.

ಇಳಿಸುವಾಗ ಮತ್ತೆ ಮರದ ತುಂಡು ಮೊದಲು. ಶಾಫ್ಟ್ ಪೇಂಟ್ ಗೆರೆಗೆ ಕೂರಿಸಿ, ಯು-ಬೋಲ್ಟ್ ಎರಡೂ ಕಡೆ ಸಮನಾಗಿ ಬಿಗಿ ಮಾಡಿ. ಬ್ರೇಕ್ ಅಡ್ಜಸ್ಟ್ ಮಾಡಿ ಪೆಡಲ್ ಗಟ್ಟಿ ಬರುವವರೆಗೂ ಇಂಜಿನ್ ಸ್ಟಾರ್ಟ್ ಮಾಡಲು ಯಾರಿಗೂ ಬಿಡಬೇಡಿ.