ಮಲೆನಾಡಿನ ಕೆಸರುದಾರಿಗೆ ಎರಡು ಗೋಣಿಚೀಲ

ಸಕಲೇಶಪುರ, ಮೂಡಿಗೆರೆ ಕಡೆಯ ಮಣ್ಣುದಾರಿಗಳಲ್ಲಿ ಜೀಪು ಓಡಿಸಿ, ತೋಟದ ಮಾಲೀಕರ ಒಪ್ಪಿಗೆ ಪಡೆದು ರಾತ್ರಿ ಡೇರೆ ಹಾಕಿ ತಂಗುವವರು ದುಬಾರಿ ಸಲಕರಣೆಗಳಿಗೆ ಹಣ ಸುರಿಯುವ ಮೊದಲು ಎರಡು ಹಳೆಯ ಗೋಣಿಚೀಲಗಳನ್ನು ಗಾಡಿಯಲ್ಲಿ ಇಟ್ಟುಕೊಳ್ಳುವುದು ಒಳ್ಳೆಯದು. ಚಕ್ರ ಕೆಸರಿನಲ್ಲಿ ಹೂತು ನಿಂತಲ್ಲೇ ತಿರುಗತೊಡಗಿದಾಗ ಆಕ್ಸಿಲರೇಟರ್ ಒತ್ತಿದಷ್ಟೂ ಗುಂಡಿ ಆಳವಾಗುತ್ತದೆಯೇ ಹೊರತು ಗಾಡಿ ಮೇಲೇಳುವುದಿಲ್ಲ. ಆಗ ಎಂಜಿನ್ ನಿಲ್ಲಿಸಿ, ಚಕ್ರದ ಮುಂದಿನ ಕೆಸರನ್ನು ಸಣ್ಣ ಗುದ್ದಲಿಯಿಂದ ತೆಗೆದು, ಚೀಲವನ್ನು ಟೈರಿನ ಅಡಿಗೆ ತುರುಕಿ, ನಿಧಾನವಾಗಿ ಮುಂದೆ ಸಾಗಬೇಕು. ಚೀಲ ಹಿಂದಕ್ಕೆ ಚಿಮ್ಮುವುದುಂಟು, ಆದ್ದರಿಂದ ಆ ವೇಳೆ ಗಾಡಿಯ ಹಿಂದೆ ಯಾರೂ ನಿಲ್ಲಬಾರದು. ಟೈರಿನ ಗಾಳಿಯನ್ನು 30 ಪಿಎಸ್‌ಐನಿಂದ 20ರ ಆಸುಪಾಸಿಗೆ ಇಳಿಸಿದರೆ ಅದು ಅಗಲವಾಗಿ ಕೂತು ನೆಲವನ್ನು ಹಿಡಿಯುತ್ತದೆ. ಆದರೆ ಡಾಂಬರು ರಸ್ತೆಯಲ್ಲಿ ವೇಗ ಹೆಚ್ಚಿಸುವ ಮುನ್ನ ಮತ್ತೆ ತುಂಬಲೇಬೇಕಾದ್ದರಿಂದ ಕಾಲಿನಿಂದ ಒತ್ತುವ ಪಂಪು ಮತ್ತು ಗಾಳಿ ಅಳೆಯುವ ಮಾಪಕ ಜೊತೆಗಿರಬೇಕು.

ಡೇರೆಯ ಕೆಳಗೆ ಹಾಸುವ ಟಾರ್ಪಾಲಿನ ಅಂಚು ಹೊರಚಾಚದಂತೆ ಒಳಕ್ಕೆ ಮಡಚಿರಬೇಕು, ಇಲ್ಲವಾದರೆ ಮಳೆನೀರು ಅದರ ಮೇಲೆ ಹರಿದು ನೇರವಾಗಿ ಹಾಸಿಗೆಯಡಿಗೇ ಬರುತ್ತದೆ. ಮಳೆ ಎಷ್ಟೇ ಸುರಿದರೂ ಡೇರೆಯೊಳಗೆ ಒಲೆ ಹಚ್ಚಬಾರದು. ಅಡುಗೆಗೆ ಇನ್ನೊಂದು ಟಾರ್ಪಾಲನ್ನು ನೈಲಾನ್ ಹಗ್ಗದಿಂದ ಮರಗಳಿಗೆ ಬಿಗಿದು ಚಪ್ಪರ ಮಾಡಿಕೊಳ್ಳಬಹುದು. ಅದೇ ತೆಳು ಹಗ್ಗದಿಂದ ಸಿಕ್ಕಿಬಿದ್ದ ಗಾಡಿಯನ್ನು ಎಳೆಯುವ ಸಾಹಸ ಮಾತ್ರ ಬೇಡ. ಮಳೆಗಾಲದ ಇಂಬಳಗಳಿಗೆ, ಅಂದರೆ ರಕ್ತ ಹೀರುವ ಜಿಗಣೆಗಳಿಗೆ, ಸ್ಥಳೀಯರು ಬಳಸುವ ಹೊಗೆಸೊಪ್ಪಿನ ಪುಡಿಯನ್ನು ಕಾಲುಚೀಲದ ಮೇಲೆ ಉಜ್ಜಿಕೊಂಡರೆ ಸಾಕಾಗುತ್ತದೆ.